ನಾಯಿ, ಬೆಕ್ಕುಗಳಿಗೆ ಅಪಾಯ ಒದಗಿದಾಗ: ಕಾಸರಗೋಡಿನ ಮನೆಯವರಿಗೆ ಒಂದು ಕೈಪಿಡಿ

ಸಾಕಿದ ನಾಯಿಗೋ ಬೆಕ್ಕಿಗೋ ಅಪಾಯ ಒದಗಿದಾಗ ಗಾಡಿ ಹೊರಡಿಸುವ ಮೊದಲು ವೈದ್ಯರಿಗೆ ಫೋನ್ ಮಾಡಬೇಕು. ನಮ್ಮ ಜಿಲ್ಲೆಯ ಒಳನಾಡಿನ ಮೃಗಾಸ್ಪತ್ರೆಗಳಲ್ಲಿ ವೈದ್ಯರು ಸಾಮಾನ್ಯವಾಗಿ ಒಬ್ಬರೇ ಇರುತ್ತಾರೆ. ಕರು ಹಾಕಲಾರದೆ ದನ ಒದ್ದಾಡುತ್ತಿದೆ ಎಂಬ ಕರೆ ಬಂದರೆ ಅವರು ಯಾರದೋ ಹಟ್ಟಿಗೆ ಹೋಗಿರುತ್ತಾರೆ. ಆಗ ಮುಚ್ಚಿದ ಬಾಗಿಲಿನ ಮುಂದೆ ಕಾದು ಕಳೆದ ಅರ್ಧ ಗಂಟೆಯೇ ಪ್ರಾಣಿಯ ಜೀವಕ್ಕೆ ಮುಳುವಾಗಬಹುದು. ಹತ್ತಿರದ ಮೃಗಾಸ್ಪತ್ರೆ, ಬ್ಲಾಕ್ ಮಟ್ಟದಲ್ಲಿ ರಾತ್ರಿ ಪಾಳಿಯ ವೈದ್ಯರಿದ್ದರೆ ಅವರು, ಸಂಚಾರಿ ಪಶು ಚಿಕಿತ್ಸಾ ಘಟಕದ 1962, ಮತ್ತು ರಾತ್ರಿಯೂ ತೆರೆದಿರುವ ಒಂದು ಖಾಸಗಿ ಚಿಕಿತ್ಸಾಲಯ, ಇವಿಷ್ಟು ಸಂಖ್ಯೆಗಳನ್ನು ಪ್ರಾಣಿ ಆರೋಗ್ಯವಾಗಿರುವಾಗಲೇ ಬರೆದಿಟ್ಟುಕೊಳ್ಳಬೇಕು. ಮಂಜೇಶ್ವರ, ಉಪ್ಪಳದವರಿಗೆ ಮಂಗಳೂರು ಹತ್ತಿರ. ಪೆರ್ಲದ ಕಡೆಯವರಿಗೆ ವಿಟ್ಲ, ಪುತ್ತೂರಿನ ದಾರಿಯೂ ಇದೆ.

ಫೋನಿನಲ್ಲಿ ಪ್ರಾಣಿಯ ವಯಸ್ಸು, ಅಂದಾಜು ತೂಕ, ಏನಾಯಿತು, ಎಷ್ಟು ಹೊತ್ತಾಯಿತು, ಈಗ ಉಸಿರಾಟ ಹೇಗಿದೆ ಎಂಬುದನ್ನು ಇದೇ ಕ್ರಮದಲ್ಲಿ ಹೇಳಿದರೆ ಸಾಕು. ವೈದ್ಯರಿಗೆ ಕನ್ನಡ ಬಾರದಿದ್ದರೆ, ನಮಗೆ ಮಲಯಾಳ ಸರಾಗವಾಗಿ ಬಾರದಿದ್ದರೆ, ಸೆಳೆತದ ಅಥವಾ ಏದುಸಿರಿನ ಹತ್ತು ಸೆಕೆಂಡಿನ ವೀಡಿಯೊ ಕಳುಹಿಸುವುದು ಉತ್ತಮ.

ಬೆಳಗಿನ ತನಕ ಕಾಯಬಾರದ ಲಕ್ಷಣಗಳು ಕೆಲವಿವೆ. ತುಟಿಯನ್ನೆತ್ತಿ ಒಸಡನ್ನು ಬೆರಳಿನಿಂದ ಒತ್ತಿ ಬಿಟ್ಟಾಗ ಎರಡು ಸೆಕೆಂಡಿನೊಳಗೆ ಗುಲಾಬಿ ಬಣ್ಣ ಮರಳಬೇಕು. ಒಸಡು ಬಿಳಿಚಿದ್ದರೆ ಅಥವಾ ನೀಲಿಗಟ್ಟಿದ್ದರೆ ತಕ್ಷಣ ಹೊರಡಬೇಕು. ಬೆಕ್ಕು ಬಾಯಿ ತೆರೆದು ಏದುಸಿರು ಬಿಡುವುದು, ಗಂಡುಬೆಕ್ಕು ಮತ್ತೆ ಮತ್ತೆ ಕುಳಿತು ತಿಣುಕಿದರೂ ಮೂತ್ರ ಬಾರದಿರುವುದು, ದೊಡ್ಡ ಜಾತಿಯ ನಾಯಿಯ ಹೊಟ್ಟೆ ಉಬ್ಬಿ, ವಾಂತಿಗೆ ಬಂದಂತಾದರೂ ಏನೂ ಹೊರಬಾರದಿರುವುದು, ಇವೂ ಅಷ್ಟೇ ಗಂಭೀರ. ಬೆಕ್ಕಿನ ಮೂತ್ರ ಕಟ್ಟಿಕೊಂಡದ್ದನ್ನು ಮಲಬದ್ಧತೆ ಎಂದು ತಿಳಿದು ಎರಡು ದಿನ ಕಳೆಯುವವರು ಬಹಳ ಮಂದಿ; ಅಷ್ಟರಲ್ಲಿ ಅದರ ಜೀವವೇ ಹೋಗಬಹುದು.

ಅಡಿಕೆ ತೋಟದ ನಡುವೆ ಮನೆಯಿರುವವರು ಹೆಚ್ಚು ತಿಳಿದಿರಬೇಕಾದದ್ದು ಹಾವಿನ ಕಡಿತದ ಬಗ್ಗೆ. ನಾಯಿ ಮೂಸಲು ಹೋಗುವುದರಿಂದ ಕಡಿತ ಹೆಚ್ಚಾಗಿ ಮೂತಿಗೆ ಅಥವಾ ಮುಂಗಾಲಿಗೆ ಆಗುತ್ತದೆ. ಮುಖ, ಕುತ್ತಿಗೆ ಬಾತುಕೊಳ್ಳುವ ಮೊದಲೇ ಕೊರಳಪಟ್ಟಿಯನ್ನು ಬಿಚ್ಚಿ, ನಾಯಿಯನ್ನು ನಡೆಸದೆ ಎತ್ತಿಕೊಂಡೇ ಒಯ್ಯಬೇಕು. ಕಾಲಿಗೆ ಬಿಗಿಯಾಗಿ ಕಟ್ಟುವುದು, ಗಾಯವನ್ನು ಕೊಯ್ಯುವುದು, ಸೊಪ್ಪಿನ ರಸ ಕುಡಿಸುವುದು, ಯಾವುದೂ ಬೇಡ. ಹಾವನ್ನು ಹುಡುಕುತ್ತಾ ನಿಲ್ಲಲೂಬಾರದು. ದೂರದಿಂದ ಚಿತ್ರ ಸಿಕ್ಕರೆ ಸರಿ, ಅದು ಅಂಗಳದಲ್ಲೇ ಉಳಿದಿದ್ದರೆ ಕೇರಳ ಅರಣ್ಯ ಇಲಾಖೆಯ ಸರ್ಪ ಆ್ಯಪ್ ಮೂಲಕ ಹಾವು ಹಿಡಿಯುವ ತರಬೇತಿ ಪಡೆದವರನ್ನು ಕರೆಯಬಹುದು.

ಆಸ್ಪತ್ರೆಯಲ್ಲಿ ವೈದ್ಯರು ಸ್ವಲ್ಪ ರಕ್ತವನ್ನು ಒಣಗಿದ, ಶುಚಿಯಾದ ಗಾಜಿನ ನಳಿಕೆಗೆ ಹಾಕಿ, ಅಲುಗಾಡಿಸದೆ 20 ನಿಮಿಷ ಇಟ್ಟು, ಅನಂತರ ನಳಿಕೆಯನ್ನು ಓರೆ ಮಾಡಿ ನೋಡುವುದುಂಟು. ರಕ್ತ ಹೆಪ್ಪುಗಟ್ಟದೆ ನೀರಿನಂತೆ ಹರಿದರೆ ಮಂಡಲದ ಹಾವಿನ ವಿಷವೆಂದು ಬಲವಾಗಿ ಶಂಕಿಸಬೇಕಾಗುತ್ತದೆ. ಆ 20 ನಿಮಿಷ ಅವರು ಸುಮ್ಮನೆ ನಿಂತಿದ್ದಾರೆಂದು ಮನೆಯವರು ಸಿಟ್ಟಾಗಬಾರದು. ನಮ್ಮಲ್ಲಿ ಸಿಗುವ ಪ್ರತಿವಿಷವು ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಈ ನಾಲ್ಕರ ವಿಷಕ್ಕೆ ಮಾತ್ರ ಮದ್ದು. ತೋಟದ ತರಗೆಲೆಗಳಲ್ಲಿ ಅಡಗಿರುವ, ಮೂಗು ಮೇಲೆದ್ದ ಸಣ್ಣ ಗುಳಿಮಂಡಲದ ಕಡಿತಕ್ಕೆ ಅದು ಕೆಲಸ ಮಾಡುವುದಿಲ್ಲ. ಮನುಷ್ಯರಿಗೆ ಕೊಡುವ ಪ್ರತಿವಿಷವನ್ನೇ ಪ್ರಾಣಿಗಳಿಗೂ ಕೊಡುತ್ತಾರೆ, ಆದರೆ ಅದು ಎಲ್ಲ ಮೃಗಾಸ್ಪತ್ರೆಗಳಲ್ಲೂ ಇರುವುದಿಲ್ಲವಾದ್ದರಿಂದ ಫೋನಿನಲ್ಲೇ ಕೇಳಿಕೊಳ್ಳಬೇಕು.

ವಿಷ ತಿಂದಿದ್ದರೆ ಪೊಟ್ಟಣವನ್ನು ಜೊತೆಗೆ ಒಯ್ಯಬೇಕು. ಉಪ್ಪುನೀರು, ಎಣ್ಣೆ, ಹಾಲು ಕುಡಿಸಿ ವಾಂತಿ ಮಾಡಿಸಲು ಹೋಗಬಾರದು. ಉಪ್ಪು ತಾನೇ ವಿಷವಾಗುತ್ತದೆ, ಎಣ್ಣೆ ಶ್ವಾಸಕೋಶಕ್ಕೆ ಇಳಿಯುತ್ತದೆ. ಮಳೆಗಾಲದಲ್ಲಿ ಕೊಳೆರೋಗಕ್ಕೆ ಮದ್ದು ಬಿಡುವ ಮನೆಗಳಲ್ಲಿ ಮೈಲುತುತ್ತಿನ ನೀರು ನಾಯಿಗೆ ಎಟುಕದಂತೆ ಮುಚ್ಚಿಡಬೇಕು. ಅದನ್ನು ಕುಡಿದ ನಾಯಿ ನೀಲಿ-ಹಸಿರು ಬಣ್ಣದ ವಾಂತಿ ಮಾಡಬಹುದು. ಇಲಿ ಪಾಷಾಣಗಳಲ್ಲಿ ಬ್ರೋಮಾಡಿಯೊಲೋನ್ ಇರುವ ಬಿಲ್ಲೆ ತಿಂದ ನಾಯಿ ಎರಡು ಮೂರು ದಿನ ಚೆನ್ನಾಗಿಯೇ ಇದ್ದು, ಅನಂತರ ಒಳಗೊಳಗೇ ರಕ್ತಸ್ರಾವವಾಗಿ ಕುಸಿಯುತ್ತದೆ. ಅದಕ್ಕೆ ವಿಟಮಿನ್ ಕೆ1 ಎಂಬ ಮದ್ದಿದೆ, ಆದರೆ ಹಲವು ವಾರ ಬಿಡದೆ ಕೊಡಬೇಕಾಗುತ್ತದೆ. ಜಿಂಕ್ ಫಾಸ್ಫೈಡ್ ಎಂಬ ಕಪ್ಪು ಪುಡಿ ತಿಂದಿದ್ದರೆ ಆಹಾರ ಕೊಡಲೇಬಾರದು, ಏಕೆಂದರೆ ಹೊಟ್ಟೆಯ ಆಮ್ಲ ಹೆಚ್ಚಿದಷ್ಟೂ ವಿಷಾನಿಲ ಹೆಚ್ಚುತ್ತದೆ. ವಾಂತಿಯಿಂದ ಹೊರಬರುವ ಆ ಅನಿಲ ಮನುಷ್ಯರಿಗೂ ಅಪಾಯಕಾರಿಯಾದ್ದರಿಂದ ಕಾರಿನ ಕಿಟಕಿಗಳನ್ನು ತೆರೆದಿಡಬೇಕು. ಜ್ವರವೆಂದು ಬೆಕ್ಕಿಗೆ ಪ್ಯಾರಸಿಟಮಾಲ್ ಕೊಡುವುದಂತೂ ಕೂಡದೇ ಕೂಡದು. ಒಂದೇ ಮಾತ್ರೆಯೂ ಅದನ್ನು ಕೊಲ್ಲಬಲ್ಲದು.

ಏಪ್ರಿಲ್, ಮೇ ತಿಂಗಳ ಸೆಕೆಯಲ್ಲಿ ಕುಸಿದುಬಿದ್ದ ನಾಯಿಯನ್ನು ಮೊದಲು ನೆರಳಿಗೆ ತಂದು, ನಲ್ಲಿಯ ನೀರಿನಿಂದ ಮೈಯೆಲ್ಲ ತೋಯಿಸಿ, ಗಾಳಿ ಹಾಕಿ, ಅನಂತರ ಸಾಗಿಸಬೇಕು. ಗಾಡಿ ತಾಗಿ ಬಿದ್ದ ನಾಯಿಯನ್ನು ದಪ್ಪ ಚಾದರದ ಮೇಲೆ ಜಾರಿಸಿ, ಇಬ್ಬರು ಸೇರಿ ಎತ್ತಬೇಕು. ನೋವಿನಲ್ಲಿರುವ ನಾಯಿ ತನ್ನವರನ್ನೂ ಕಚ್ಚುವುದರಿಂದ ಮೂತಿಗೆ ಬಟ್ಟೆ ಸುತ್ತಬೇಕು, ಆದರೆ ವಾಂತಿ ಅಥವಾ ಉಸಿರಾಟದ ತೊಂದರೆ ಇದ್ದರೆ ಸುತ್ತಬಾರದು.

ಬಾಯಿ ಮುಚ್ಚಲಾರದೆ ಜೊಲ್ಲು ಸುರಿಸುತ್ತಿರುವ ನಾಯಿಯ ಗಂಟಲಲ್ಲಿ ಎಲುಬು ಸಿಕ್ಕಿರಬಹುದೆಂದು ಕೈ ಹಾಕುವುದು ಬಹು ದೊಡ್ಡ ಅಪಾಯ. ಅದು ರೇಬೀಸ್ ಆಗಿರಬಹುದು. ಹಲ್ಲು ತಾಗಿದರೆ ಅಥವಾ ಗೀರುಗಾಯಕ್ಕೆ ಜೊಲ್ಲು ತಗಲಿದರೆ ಹರಿಯುವ ನೀರಿನಲ್ಲಿ ಸಾಬೂನು ಹಾಕಿ 15 ನಿಮಿಷ ತೊಳೆದು, ಅದೇ ದಿನ ಆಸ್ಪತ್ರೆಯಲ್ಲಿ ಚುಚ್ಚುಮದ್ದು ಆರಂಭಿಸಬೇಕು. ನಾಯಿಗೆ ಲಸಿಕೆ ಹಾಕಿಸದಿದ್ದರೆ ಅದನ್ನು ಮುಚ್ಚಿಡದೆ ವೈದ್ಯರಿಗೂ ಅವರ ಸಹಾಯಕರಿಗೂ ಮೊದಲೇ ಹೇಳಬೇಕು, ಏಕೆಂದರೆ ಪ್ರಾಣಿಯ ತಲೆಯನ್ನು ಹಿಡಿದುಕೊಳ್ಳುವವರು ಅವರೇ.

ರಾತ್ರಿ ಎರಡು ಗಂಟೆಗೂ ಫೋನ್ ಎತ್ತುವ ವೈದ್ಯರು ಇರುವುದು ನಮ್ಮಂತಹ ಗಡಿನಾಡಿಗೆ ದೊಡ್ಡ ಭಾಗ್ಯವೆಂದೇ ನಾನು ತಿಳಿದಿದ್ದೇನೆ. ದಾರಿಯಲ್ಲಿ ಮನಸ್ಸು ಬದಲಿಸಿ ಬೇರೆ ಕಡೆಗೆ ಹೋಗುವುದಾದರೆ, ಅಥವಾ ಪ್ರಾಣಿ ದಾರಿಯಲ್ಲೇ ತೀರಿಕೊಂಡರೆ, ಆ ದುಃಖದ ನಡುವೆಯೂ ಅವರಿಗೊಂದು ಕರೆ ಮಾಡಿ ತಿಳಿಸಬೇಕು. ಆಗ ಅವರು ನಮಗಾಗಿ ಕಾಯದೆ ಮುಂದಿನ ಮನೆಗೆ ಹೊರಡಬಹುದು.