ನಿಮ್ಮ ಶಾಸಕರ ಚುನಾವಣಾ ಜಾತಕ ಬರೆಯುವುದು ಹೇಗೆ?

ದೀಪಾವಳಿಗೆ ಊರಿಗೆ ಹೋಗಿದ್ದಾಗ ದೊಡ್ಡಪ್ಪನ ಜೊತೆ ಜಗಳ ಆಯಿತು. ಜಗಳ ಅಂದರೆ ಜಗುಲಿ ಮೇಲೆ ಕೂತು, ಕಾಫಿ ಆರುವವರೆಗೆ ನಡೆಯುತ್ತದಲ್ಲ, ಅಂಥದ್ದು. "ಸಿದ್ದರಾಮಯ್ಯ ಚಾಮುಂಡೇಶ್ವರಿಯಲ್ಲಿ ಸೋತಿದ್ದು ಒಂದೇ ಸಲ ಕಣೋ, 2018ರಲ್ಲಿ" ಅಂದರು ಅವರು. "ಇಲ್ಲ ದೊಡ್ಡಪ್ಪ, ಅದಕ್ಕೂ ಮುಂಚೆ ಸೋತಿದ್ದಾರೆ" ಅಂದೆ. "ಹಾಗಾದರೆ ಎಷ್ಟು ಸಲ, ಯಾವ ವರ್ಷ, ಯಾರ ಎದುರು?" ಅಂತ ಕೇಳಿದರು. ನನ್ನ ಬಾಯಿ ಕಟ್ಟಿತು.

ಬೆಂಗಳೂರಿಗೆ ವಾಪಸ್ ಬಂದ ಮೇಲೆ ಹಟ ಹಿಡಿದು ಒಂದು ಪಟ್ಟಿ ಮಾಡಿದೆ. ಎರಡು ಸಂಜೆ ಹಿಡಿಯಿತು. ನೀವೂ ನಿಮ್ಮ ಕ್ಷೇತ್ರದ ಶಾಸಕರದ್ದು ಹೀಗೆ ಮಾಡಿಕೊಳ್ಳಬಹುದು. ಬೇಕಾಗಿರುವುದು ಒಂದು ನೋಟ್‌ಬುಕ್ ಅಥವಾ ಎಕ್ಸೆಲ್ ಹಾಳೆ, ಇಂಟರ್ನೆಟ್, ಸ್ವಲ್ಪ ತಾಳ್ಮೆ.

ಮೊದಲು ಕಾಲಂ ಹಾಕಿ

ಪರಿಚಯ ಪುಸ್ತಿಕೆ, ಅಭಿನಂದನಾ ಗ್ರಂಥ, ಹುಟ್ಟುಹಬ್ಬದ ಜಾಹೀರಾತು ಇವನ್ನೆಲ್ಲ ಪಕ್ಕಕ್ಕಿಡಿ. ಅವುಗಳಲ್ಲಿ ಗೆಲುವು ಮಾತ್ರ ಇರುತ್ತದೆ. ಪಟ್ಟಿ ಶುರುವಾಗಬೇಕಾದ್ದು ಫಲಿತಾಂಶದಿಂದ.

ಹಾಳೆಯಲ್ಲಿ ಈ ಕಾಲಂಗಳನ್ನು ಹಾಕಿಕೊಳ್ಳಿ: ವರ್ಷ, ಸಾರ್ವತ್ರಿಕ ಚುನಾವಣೆಯೋ ಉಪಚುನಾವಣೆಯೋ, ಕ್ಷೇತ್ರ, ಪಕ್ಷ, ಪಡೆದ ಮತ, ಎರಡನೇ ಸ್ಥಾನದವರ ಹೆಸರು ಮತ್ತು ಮತ, ಅಂತರ, ಮೂರನೇ ಸ್ಥಾನದವರು. ಕೊನೆಯಲ್ಲಿ ಅಗಲವಾದ ಒಂದು ಕಾಲಂ 'ಷರಾ' ಅಂತ ಬಿಡಿ. ನನ್ನ ಅನುಭವದಲ್ಲಿ ಅತಿ ಬೇಗ ತುಂಬುವುದು ಅದೇ.

ಕರ್ನಾಟಕದಲ್ಲಿ ವಿಧಾನಸಭಾ ಚುನಾವಣೆ ನಡೆದ ವರ್ಷಗಳು ಇವು: 1952, 1957, 1962, 1967, 1972, 1978, 1983, 1985, 1989, 1994, 1999, 2004, 2008, 2013, 2018, 2023. 1983 ಆದ ಎರಡೇ ವರ್ಷಕ್ಕೆ 1985 ಯಾಕೆ ಬಂತು ಅನ್ನಿಸಬಹುದು. 1984ರ ಲೋಕಸಭಾ ಚುನಾವಣೆಯಲ್ಲಿ ಜನತಾ ಪಕ್ಷ ಇಲ್ಲಿ ಮುಗ್ಗರಿಸಿತು. ಆಗ ಮುಖ್ಯಮಂತ್ರಿಯಾಗಿದ್ದ ರಾಮಕೃಷ್ಣ ಹೆಗಡೆ ರಾಜೀನಾಮೆ ಕೊಟ್ಟು ಮತ್ತೆ ಜನರ ಮುಂದೆ ಹೋದರು. 139 ಸ್ಥಾನ ಗೆದ್ದು ಬಂದರು.

ಸಾರ್ವತ್ರಿಕ ಚುನಾವಣೆಯ ವರದಿ ಇಳಿಸಿಕೊಳ್ಳಿ

ಭಾರತ ಚುನಾವಣಾ ಆಯೋಗದ ವೆಬ್‌ಸೈಟ್‌ನಲ್ಲಿ ಪ್ರತಿ ಚುನಾವಣೆಗೂ ಒಂದು ಅಂಕಿಅಂಶ ವರದಿ ಇದೆ. ಮೊದಲ ಚುನಾವಣೆಯಿಂದ ಹಿಡಿದು ಇವತ್ತಿನವರೆಗೆ, ಪಿಡಿಎಫ್ ರೂಪದಲ್ಲಿ ಸಿಗುತ್ತದೆ. ಒಂದೊಂದು ಕ್ಷೇತ್ರದಲ್ಲಿ ಯಾರ್‍ಯಾರು ನಿಂತಿದ್ದರು, ಎಷ್ಟೆಷ್ಟು ಮತ ಬಂತು, ಶೇಕಡಾವಾರು ಎಷ್ಟು ಎಲ್ಲ ಇರುತ್ತದೆ.

ಹಳೆಯ ವರದಿ ಹುಡುಕುವಾಗ ಒಂದು ಮಾತು ನೆನಪಿರಲಿ. ರಾಜ್ಯಕ್ಕೆ ಕರ್ನಾಟಕ ಅಂತ ಹೆಸರಾದದ್ದು 1973ರ ನವೆಂಬರ್ 1ಕ್ಕೆ. ಹಾಗಾಗಿ 1972 ಮತ್ತು ಅದರ ಹಿಂದಿನ ವರದಿಗಳು 'ಮೈಸೂರು' ಅನ್ನುವ ಹೆಸರಿನಲ್ಲಿವೆ. 1952ರದ್ದಂತೂ ಇನ್ನೂ ಚೆದುರಿಹೋಗಿದೆ. ಧಾರವಾಡ, ಬೆಳಗಾವಿ ಕಡೆಯವರು ಮುಂಬೈ ರಾಜ್ಯದ ವರದಿ ನೋಡಬೇಕು, ಕಲಬುರಗಿ, ರಾಯಚೂರು ಕಡೆಯವರು ಹೈದರಾಬಾದಿನದ್ದು, ಮಂಗಳೂರಿನವರು ಮದ್ರಾಸಿನದ್ದು. ಕೊಡಗಿನದ್ದು ಬೇರೆಯೇ. ಆಗ ಒಂದೇ ಕ್ಷೇತ್ರಕ್ಕೆ ಇಬ್ಬರು ಶಾಸಕರು ಆರಿಸಿ ಬರುತ್ತಿದ್ದ ಜಾಗಗಳೂ ಇದ್ದವು. ಹಾಗಾಗಿ ಎರಡು ಹೆಸರು ಕಂಡರೆ ಅಚ್ಚಿನ ತಪ್ಪು ಅಂದುಕೊಳ್ಳಬೇಡಿ.

ಹೆಸರಿನ ಕಾಗುಣಿತವೂ ಕಾಡುತ್ತದೆ. ವರದಿಗಳೆಲ್ಲ ಇಂಗ್ಲಿಷಿನಲ್ಲಿವೆ, ಅಲ್ವಾ? ಇನಿಷಿಯಲ್ ಒಮ್ಮೆ ಮುಂದೆ, ಒಮ್ಮೆ ಹಿಂದೆ. 'ಗೌಡ', 'ಅಯ್ಯ', 'ಅಪ್ಪ' ಬರೆಯುವ ರೀತಿ ವರ್ಷಕ್ಕೊಂದು. ಅದಕ್ಕೇ ವ್ಯಕ್ತಿಯ ಹೆಸರು ಹುಡುಕಬೇಡಿ, ಕ್ಷೇತ್ರದ ಹೆಸರು ಹುಡುಕಿ ಪುಟಕ್ಕೆ ಹೋಗಿ. ಒಂದೇ ಹೆಸರಿನ ಪಕ್ಷೇತರರು ಕೆಳಗೆ ಇದ್ದಾರಾ ಅಂತಲೂ ಕಣ್ಣಾಡಿಸಿ. ಮತದಾರರಿಗೆ ಗೊಂದಲವಾಗಲಿ ಅಂತ ಹೆಸರಿಗೆ ಹೆಸರು ನಿಲ್ಲಿಸುವುದು ನಮ್ಮಲ್ಲಿ ಹಳೇ ವಿದ್ಯೆ.

ವರದಿಯಲ್ಲಿ ಇಲ್ಲದ್ದನ್ನು ಹುಡುಕಿ

ಇಲ್ಲೇ ನಾನು ಎಡವಿದ್ದು. ಸಾರ್ವತ್ರಿಕ ಚುನಾವಣೆಯ ವರದಿಗಳನ್ನೆಲ್ಲ ಇಳಿಸಿಕೊಂಡು ಸಿದ್ದರಾಮಯ್ಯನವರ ಪಟ್ಟಿ ಮಾಡಿದೆ. ಚಾಮುಂಡೇಶ್ವರಿಯಲ್ಲಿ 1983ರಲ್ಲಿ ಗೆಲುವು, 1985ರಲ್ಲಿ ಜನತಾ ಪಕ್ಷದಿಂದ ಗೆಲುವು. 1989ರಲ್ಲಿ ಕಾಂಗ್ರೆಸ್‌ನ ಎಂ. ರಾಜಶೇಖರಮೂರ್ತಿ ಎದುರು ಸೋಲು. 1994ರಲ್ಲಿ ಜನತಾ ದಳದಿಂದ ಗೆಲುವು. 1999ರಲ್ಲಿ ಕಾಂಗ್ರೆಸ್‌ನ ಎ.ಎಸ್. ಗುರುಸ್ವಾಮಿ ಎದುರು ಸೋಲು. 2004ರಲ್ಲಿ ಜೆಡಿಎಸ್‌ನಿಂದ ಗೆಲುವು. ಆಮೇಲೆ ನೇರ 2008, ವರುಣಾ, ಕಾಂಗ್ರೆಸ್.

ಪಟ್ಟಿ ಮುಗಿಯಿತು ಅಂತ ಖುಷಿಪಟ್ಟೆ. ಆದರೆ ಜೆಡಿಎಸ್‌ನಿಂದ ಕಾಂಗ್ರೆಸ್‌ಗೆ ಹೋದದ್ದು ಎಲ್ಲಿ? ಅವರ ರಾಜಕೀಯದ ಅತಿ ಬಿಗಿಯಾದ ಚುನಾವಣೆಯೇ ನನ್ನ ಪಟ್ಟಿಯಲ್ಲಿ ಇರಲಿಲ್ಲ. ಕಾಂಗ್ರೆಸ್ ಸೇರುವಾಗ ಅವರು ಶಾಸಕ ಸ್ಥಾನಕ್ಕೆ ರಾಜೀನಾಮೆ ಕೊಟ್ಟಿದ್ದರು. 2006ರ ಡಿಸೆಂಬರ್‌ನಲ್ಲಿ ಚಾಮುಂಡೇಶ್ವರಿಗೆ ಉಪಚುನಾವಣೆ ಬಂತು. ಆಗ ಇದ್ದದ್ದು ಜೆಡಿಎಸ್–ಬಿಜೆಪಿ ಸರ್ಕಾರ. ಎದುರಾಳಿ ಜೆಡಿಎಸ್‌ನ ಶಿವಬಸಪ್ಪ. ಸಿದ್ದರಾಮಯ್ಯ ಅವರಿಗೆ 1,15,512 ಮತ, ಶಿವಬಸಪ್ಪ ಅವರಿಗೆ 1,15,255. ಅಂತರ 257.

ಎರಡು ಲಕ್ಷಕ್ಕೂ ಜಾಸ್ತಿ ಮತ ಎಣಿಸಿ ಕೊನೆಗೆ ಉಳಿದದ್ದು ಒಂದು ಮದುವೆ ಊಟದ ಪಂಕ್ತಿಯಷ್ಟು ಜನ!

ಹಾಗಾಗಿ ಎರಡು ಚುನಾವಣೆಗಳ ನಡುವೆ ಪಕ್ಷ ಬದಲಾಗಿದ್ದರೆ ಅಲ್ಲೊಂದು ಉಪಚುನಾವಣೆ ಇದೆಯಾ ಅಂತ ನೋಡಿ. ಆಯೋಗದ ವೆಬ್‌ಸೈಟ್‌ನಲ್ಲಿ ಉಪಚುನಾವಣೆಗಳ ಪುಟವೇ ಬೇರೆ. 2019ರ ಕತೆ ನಿಮಗೆ ನೆನಪಿರಬೇಕು. ಆಗಿನ ಸ್ಪೀಕರ್ ಪಕ್ಷಾಂತರದ ಕಾರಣಕ್ಕೆ 17 ಶಾಸಕರನ್ನು ಅನರ್ಹಗೊಳಿಸಿದರು. ಸುಪ್ರೀಂ ಕೋರ್ಟ್ ಅನರ್ಹತೆಯನ್ನು ಎತ್ತಿಹಿಡಿಯಿತು, ಆದರೆ ಮತ್ತೆ ಸ್ಪರ್ಧಿಸಲು ಅವಕಾಶ ಕೊಟ್ಟಿತು. ಡಿಸೆಂಬರ್‌ನಲ್ಲಿ 15 ಕ್ಷೇತ್ರಗಳಿಗೆ ಉಪಚುನಾವಣೆ ನಡೆದು ಬಿಜೆಪಿ 12 ಗೆದ್ದಿತು. ಆ ಕ್ಷೇತ್ರಗಳವರು 2018 ಆದ ಮೇಲೆ ನೇರ 2023ಕ್ಕೆ ಹೋದರೆ ಅಷ್ಟೂ ನಾಟಕ ತಪ್ಪಿಹೋಗುತ್ತದೆ.

ಲೋಕಸಭೆಗೆ ನಿಂತು ಸೋತದ್ದೂ ಹೀಗೇ ತಪ್ಪಿಸಿಕೊಳ್ಳುತ್ತದೆ. ಸಿದ್ದರಾಮಯ್ಯ 1991ರಲ್ಲಿ ಕೊಪ್ಪಳದಿಂದ ಲೋಕಸಭೆಗೆ ನಿಂತು ಸೋತಿದ್ದರು. ಮೈಸೂರಿನವರಿಗೇ ಇದು ಎಷ್ಟೋ ಜನಕ್ಕೆ ಗೊತ್ತಿಲ್ಲ.

ಗಡಿ ಬದಲಾಗಿದೆಯಾ ನೋಡಿ

'ಕ್ಷೇತ್ರ ಬಿಟ್ಟು ಓಡಿಹೋದರು' ಅನ್ನುವ ಮುಂಚೆ 2008ರ ಮರುವಿಂಗಡಣೆಯನ್ನು ಒಮ್ಮೆ ನೋಡಬೇಕು. 2001ರ ಜನಗಣತಿ ಇಟ್ಟುಕೊಂಡು ಕ್ಷೇತ್ರಗಳ ಗಡಿಯನ್ನು ಹೊಸದಾಗಿ ಎಳೆದರು. ಒಟ್ಟು 224 ಹಾಗೇ ಉಳಿಯಿತು, ಒಳಗಿನ ಗೆರೆಗಳೆಲ್ಲ ಬದಲಾದವು. ಕೆಲವು ಕ್ಷೇತ್ರಗಳು ಮಾಯವಾದವು, ವರುಣಾದಂಥವು ಹುಟ್ಟಿದವು. ಮೀಸಲಾತಿಯೂ ಅತ್ತಿತ್ತ ಆಯಿತು.

ಇದಕ್ಕೆ ಮಲ್ಲಿಕಾರ್ಜುನ ಖರ್ಗೆ ಅವರ ಪಟ್ಟಿಯೇ ಒಳ್ಳೇ ಉದಾಹರಣೆ. 1972ರಿಂದ 2004ರವರೆಗೆ ಸತತ ಎಂಟು ಸಲ ಗುರುಮಠಕಲ್. 2008ರಲ್ಲಿ ಇದ್ದಕ್ಕಿದ್ದಂತೆ ಚಿತ್ತಾಪುರ. ಸುಮ್ನೆ ಪಟ್ಟಿ ನೋಡಿದವರಿಗೆ ಗುರುಮಠಕಲ್‌ನಲ್ಲಿ ಏನೋ ಎಡವಟ್ಟಾಯಿತು ಅನ್ನಿಸುತ್ತದೆ. ನಿಜ ಏನೆಂದರೆ ಪರಿಶಿಷ್ಟ ಜಾತಿಗೆ ಮೀಸಲಾಗಿದ್ದ ಗುರುಮಠಕಲ್ ಆಗ ಸಾಮಾನ್ಯ ಕ್ಷೇತ್ರವಾಯಿತು, ಚಿತ್ತಾಪುರ ಮೀಸಲಾಯಿತು. ಅಲ್ಲೂ ಗೆದ್ದು ಮರುವರ್ಷ ಲೋಕಸಭೆಗೆ ಹೋದರು. ಅದರಿಂದ ಚಿತ್ತಾಪುರಕ್ಕೆ ಉಪಚುನಾವಣೆ ಬಂತು, ಮಗ ಪ್ರಿಯಾಂಕ್ ಸೋತರು. 2013ರಲ್ಲಿ ಅದೇ ಕ್ಷೇತ್ರದಲ್ಲಿ ಗೆದ್ದರು. ಇಷ್ಟೂ ಷರಾ ಕಾಲಂಗೆ ಹೋಗಬೇಕಾದ ವಿಷಯ.

2004 ಮತ್ತು 2008ರ ಮತಗಳನ್ನು ಅಕ್ಕಪಕ್ಕ ಇಟ್ಟು 'ಮತ ಇಷ್ಟು ಕಡಿಮೆಯಾಯಿತು' ಅನ್ನಬೇಡಿ. ಹೆಸರು ಅದೇ ಇದ್ದರೂ ಒಳಗಿನ ಹಳ್ಳಿಗಳು ಬೇರೆ. ನಾನು ನನ್ನ ಹಾಳೆಯಲ್ಲಿ ಆ ಎರಡರ ನಡುವೆ ಕೆಂಪು ಗೆರೆ ಎಳೆದಿದ್ದೇನೆ.

ಅಂತರ ಓದುವುದು

ಗೆದ್ದರು, ಸೋತರು ಅನ್ನುವುದಕ್ಕಿಂತ ಜಾಸ್ತಿ ಹೇಳುವುದು ಈ ಕಾಲಂ. ವರುಣಾದಲ್ಲಿ ಸಿದ್ದರಾಮಯ್ಯನವರ ಅಂತರ 2008ರಲ್ಲಿ 18,837, 2013ರಲ್ಲಿ 29,641, 2023ರಲ್ಲಿ ವಿ. ಸೋಮಣ್ಣ ಎದುರು 46,163. ನಡುವೆ 2018ರಲ್ಲಿ ವರುಣಾವನ್ನು ಮಗನಿಗೆ ಬಿಟ್ಟು ಎರಡು ಕಡೆ ನಿಂತರು. ಚಾಮುಂಡೇಶ್ವರಿಯಲ್ಲಿ ಜಿ.ಟಿ. ದೇವೇಗೌಡರ ಎದುರು 36,042 ಮತಗಳ ಸೋಲು. ಬಾದಾಮಿಯಲ್ಲಿ ಬಿ. ಶ್ರೀರಾಮುಲು ಎದುರು ಗೆಲುವು, ಆದರೆ ಬರೀ 1,696ರಿಂದ.

ಬಾದಾಮಿಯ ಸಾಲಿನಲ್ಲಿ ಮೂರನೇ ಸ್ಥಾನದ ಕಾಲಂ ನೋಡಿ. ಅಲ್ಲಿ ಜೆಡಿಎಸ್ ಅಭ್ಯರ್ಥಿಗೆ 20 ಸಾವಿರಕ್ಕೂ ಜಾಸ್ತಿ ಮತ ಬಿದ್ದಿತ್ತು. ಅಂತರ 2 ಸಾವಿರದ ಒಳಗಿದ್ದು ಮೂರನೆಯವರು ಅದರ ಹತ್ತು ಪಟ್ಟು ಪಡೆದಿದ್ದರೆ ಅದು ಇಬ್ಬರ ಪಂದ್ಯ ಆಗಿರಲಿಲ್ಲ ಅಂತ ಅರ್ಥ. ಹಾಗಂತ 'ಮೂರನೆಯವರು ಇಲ್ಲದಿದ್ದರೆ ಇಂಥವರೇ ಗೆಲ್ಲುತ್ತಿದ್ದರು' ಅಂತ ತೀರ್ಪು ಕೊಡಲು ಹೋಗಬೇಡಿ. ಆ ಮತ ಯಾರಿಗೆ ಹೋಗುತ್ತಿತ್ತು ಅಂತ ಹೇಳುವ ಕಾಗದ ಯಾವ ಕಚೇರಿಯಲ್ಲೂ ಇಲ್ಲ.

ರಾಜ್ಯದ ಗಾಳಿ ಯಾವ ಕಡೆ ಇತ್ತು ಅಂತಲೂ ಪಕ್ಕದಲ್ಲಿ ಬರೆಯಿರಿ. ಸಿದ್ದರಾಮಯ್ಯ ಸೋತ 1989ರಲ್ಲಿ ಕಾಂಗ್ರೆಸ್ ರಾಜ್ಯದಲ್ಲಿ 178 ಗೆದ್ದಿತ್ತು, 1999ರಲ್ಲಿ 132. ಎರಡು ಸೋಲೂ ಅಲೆಯ ಜೊತೆ ಬಂದದ್ದು. 2018ರ ಸೋಲು ಹಾಗಲ್ಲ. ಪಕ್ಕದ ವರುಣಾದಲ್ಲಿ ಅದೇ ದಿನ ಅದೇ ಪಕ್ಷದಿಂದ ಮಗ ಗೆದ್ದರು.

ಅಂತರದ ಮಾತು ಬಂದಾಗ ಸಂತೇಮರಹಳ್ಳಿಯನ್ನು ಬಿಡಲಾಗುವುದಿಲ್ಲ. 2004ರಲ್ಲಿ ಅಲ್ಲಿ ಕಾಂಗ್ರೆಸ್‌ನ ಆರ್. ಧ್ರುವನಾರಾಯಣ ಅವರಿಗೆ 40,752, ಜೆಡಿಎಸ್‌ನ ಎ.ಆರ್. ಕೃಷ್ಣಮೂರ್ತಿ ಅವರಿಗೆ 40,751. ಒಂದೇ ಒಂದು ಮತ. ಆ ಕ್ಷೇತ್ರವೇ ಈಗ ಇಲ್ಲ. ಕೃಷ್ಣಮೂರ್ತಿ 2023ರಲ್ಲಿ ಕೊಳ್ಳೇಗಾಲದಿಂದ ಗೆದ್ದು ವಿಧಾನಸಭೆಗೆ ಬಂದರು, ಅದೂ ಕಾಂಗ್ರೆಸ್‌ನಿಂದ!

ಠೇವಣಿಯದ್ದು ಸುಲಭ. ಚಲಾವಣೆಯಾದ ಸಿಂಧು ಮತಗಳಲ್ಲಿ ಆರನೇ ಒಂದು ಭಾಗಕ್ಕಿಂತ ಜಾಸ್ತಿ ಬರದಿದ್ದರೆ ಠೇವಣಿ ಹೋಯಿತು. ವಿಧಾನಸಭೆಗೆ ಅದು 10,000 ರೂಪಾಯಿ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ 5,000.

ಬೂತ್ ಮಟ್ಟಕ್ಕೆ ಇಳಿಯಬೇಕೆಂದರೆ

ಇದು ಹುಚ್ಚು ಹಿಡಿದವರಿಗೆ. ರಾಜ್ಯದ ಮುಖ್ಯ ಚುನಾವಣಾಧಿಕಾರಿಗಳ ವೆಬ್‌ಸೈಟ್‌ನಲ್ಲಿ 'ನಮೂನೆ 20' ಅಂತ ಸಿಗುತ್ತದೆ. ಪ್ರತಿ ಮತಗಟ್ಟೆಯಲ್ಲಿ ಯಾರಿಗೆ ಎಷ್ಟು ಅಂತ ಸಾಲುಸಾಲಾಗಿ ಇರುತ್ತದೆ. ಮತಗಟ್ಟೆಯ ಸಂಖ್ಯೆ ಚುನಾವಣೆಯಿಂದ ಚುನಾವಣೆಗೆ ಬದಲಾಗಬಹುದು. ಆಯಾ ವರ್ಷದ ಮತಗಟ್ಟೆ ಪಟ್ಟಿಯನ್ನೂ ಜೊತೆಗೆ ಇಟ್ಟುಕೊಳ್ಳದಿದ್ದರೆ ನಿಮ್ಮೂರಿನ ಶಾಲೆಯ ಮತ ಪಕ್ಕದೂರಿನ ಲೆಕ್ಕಕ್ಕೆ ಹೋಗುತ್ತದೆ.

ಅಫಿಡವಿಟ್ ಓದಿ, ಹಾರಬೇಡಿ

ಸುಪ್ರೀಂ ಕೋರ್ಟ್‌ನ 2002 ಮತ್ತು 2003ರ ತೀರ್ಪುಗಳಿಂದಾಗಿ ಅಭ್ಯರ್ಥಿಗಳು ಆಸ್ತಿ, ಸಾಲ, ಓದು, ಕ್ರಿಮಿನಲ್ ಪ್ರಕರಣಗಳ ವಿವರವನ್ನು ಅಫಿಡವಿಟ್‌ನಲ್ಲಿ, ಅಂದರೆ ಪ್ರಮಾಣಪತ್ರದಲ್ಲಿ, ಕೊಡಲೇಬೇಕು. ಅಂದರೆ ಕರ್ನಾಟಕದಲ್ಲಿ 2004ರ ಹಿಂದಿನ ವಿಧಾನಸಭಾ ಚುನಾವಣೆಗಳಿಗೆ ಇದು ಸಿಗುವುದಿಲ್ಲ, ಹುಡುಕಿ ಸುಸ್ತಾಗಬೇಡಿ. ಈಚಿನವು ಆಯೋಗದ ಅಫಿಡವಿಟ್ ಪುಟದಲ್ಲಿವೆ. ಹಿಂದಿನವನ್ನೂ ಸೇರಿಸಿ ಒಟ್ಟು ಮಾಡಿಟ್ಟಿರುವುದು ಚುನಾವಣಾ ಸುಧಾರಣೆಗೆ ಕೆಲಸ ಮಾಡುವ ಎಡಿಆರ್ ಸಂಸ್ಥೆಯ 'ಮೈನೇತಾ' ವೆಬ್‌ಸೈಟ್.

ಎರಡು ಎಚ್ಚರಿಕೆ. ಆಸ್ತಿ ಐದು ವರ್ಷದಲ್ಲಿ ಮೂರು ಪಟ್ಟಾಯಿತು ಅಂತ ಕಂಡರೆ ಮೊದಲು ಸರ್ವೆ ನಂಬರ್ ನೋಡಿ. ಅದೇ ಜಮೀನಿನ ಬೆಲೆ ಏರಿರಬಹುದು, ಹೊಸದಾಗಿ ಕೊಂಡಿರಲೂಬಹುದು. ಇನ್ನು 'ಪ್ರಕರಣ ಬಾಕಿ' ಬೇರೆ, 'ಶಿಕ್ಷೆ' ಬೇರೆ. ಅಫಿಡವಿಟ್‌ನಲ್ಲಿ ಇವೆರಡಕ್ಕೂ ಬೇರೆ ಬೇರೆ ಕಲಂ ಇದೆ.

ಸದನದಲ್ಲಿ ಏನು ಮಾಡಿದರು?

ವಿಧಾನಸಭೆಯ ವೆಬ್‌ಸೈಟ್‌ನಲ್ಲಿ ಪ್ರಶ್ನೋತ್ತರ, ನಡಾವಳಿ ಸಿಗುತ್ತವೆ. ಚುಕ್ಕೆ ಗುರುತಿನ ಪ್ರಶ್ನೆಗೆ ಮಂತ್ರಿ ಸದನದಲ್ಲೇ ಉತ್ತರಿಸಬೇಕು, ಚುಕ್ಕೆ ಇಲ್ಲದ್ದಕ್ಕೆ ಲಿಖಿತ ಉತ್ತರ. ನಿಮ್ಮ ಶಾಸಕರು ಎಷ್ಟು ಕೇಳಿದ್ದಾರೆ ಅನ್ನುವುದಕ್ಕಿಂತ ಏನು ಕೇಳಿದ್ದಾರೆ ಅಂತ ಓದಿ, ಮಜಾ ಇರುತ್ತದೆ. ಮಂತ್ರಿ ಆಗಿದ್ದ ವರ್ಷಗಳಲ್ಲಿ ಪ್ರಶ್ನೆ ಸೊನ್ನೆ ಇದ್ದರೆ ಬೈಯಬೇಡಿ. ಉತ್ತರ ಕೊಡುವ ಜಾಗದಲ್ಲಿ ಕೂತವರು ಪ್ರಶ್ನೆ ಕೇಳುವುದಿಲ್ಲ.

ಶಾಸಕರ ಸ್ಥಳೀಯ ಪ್ರದೇಶಾಭಿವೃದ್ಧಿ ನಿಧಿ ವರ್ಷಕ್ಕೆ 2 ಕೋಟಿ. ಅದರ ಕಾಮಗಾರಿ ಪಟ್ಟಿ ಬೇಕೆಂದರೆ ಜಿಲ್ಲಾಧಿಕಾರಿ ಕಚೇರಿಗೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ. 10 ರೂಪಾಯಿ ಪೋಸ್ಟಲ್ ಆರ್ಡರ್ ಇಡಿ. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, ಅದೂ 150 ಪದದ ಒಳಗೆ. ನಾನೊಮ್ಮೆ ಒಂದು ಕಚೇರಿಗೆ ಒಂದೇ ಅರ್ಜಿಯಲ್ಲಿ ಮೂರು ವಿಷಯ ಕೇಳಿದ್ದೆ. ಇಪ್ಪತ್ತೆಂಟನೇ ದಿನ ಅರ್ಜಿ ಹಾಗೇ ವಾಪಸ್ ಬಂತು. ನೀವು ಮೂರು ಅರ್ಜಿ ಹಾಕಿ.

ಹಿರಿಯರಿಗೆ ತೋರಿಸಿ

ಪಟ್ಟಿ ಮುಗಿದ ಮೇಲೆ ಆ ಚುನಾವಣೆಗಳನ್ನು ಕಣ್ಣಾರೆ ಕಂಡವರಿಗೆ ಒಮ್ಮೆ ಓದಿ ಹೇಳಿ. ಅಂಕಿಯಲ್ಲಿ ಇಲ್ಲದ ಕಾರಣಗಳು ಅವರ ಬಾಯಲ್ಲಿ ಬರುತ್ತವೆ. ಅವನ್ನು ಬೇರೆ ಬಣ್ಣದ ಪೆನ್ನಿನಲ್ಲಿ ಬರೆದುಕೊಳ್ಳಿ, ವರದಿಯ ಅಂಕಿ ಜೊತೆ ಬೆರೆಸಬೇಡಿ.

ಸಂಕ್ರಾಂತಿಗೆ ಹೋದಾಗ ನಾನು ಹಾಳೆಯನ್ನು ದೊಡ್ಡಪ್ಪನ ಮುಂದಿಟ್ಟೆ. ಚಾಮುಂಡೇಶ್ವರಿಯಲ್ಲಿ ಐದು ಗೆಲುವು, ಮೂರು ಸೋಲು. ಅವರು ಕನ್ನಡಕ ಹಾಕಿಕೊಂಡು ಮೇಲಿನಿಂದ ಕೆಳಗೆ ಬೆರಳು ಆಡಿಸಿದರು. 1989ರ ಹತ್ತಿರ ನಿಂತರು. "ಹೌದು ಮಾರಾಯ, ರಾಜಶೇಖರಮೂರ್ತಿ! ಮರೆತೇಹೋಗಿತ್ತು" ಅಂದರು. ಆಮೇಲೆ ಹಾಳೆ ಮಡಚಿ ಜೇಬಿಗಿಟ್ಟುಕೊಂಡು, ಕಟ್ಟೆ ಹತ್ತಿರ ಯಾರಿಗೋ ತೋರಿಸಬೇಕು ಅಂತ ಎದ್ದು ಹೋದರು.