ಗಾಲಿ ಕಿತ್ತ ಸೂಟ್‌ಕೇಸಿಗೆ ವಿಮಾನ ಕಂಪನಿಯಿಂದ ದುಡ್ಡು ಪಡೆದದ್ದು

"ಗಾಲಿ, ಹ್ಯಾಂಡಲ್, ಗೀರು, ಇವಕ್ಕೆಲ್ಲ ನಾವು ಹೊಣೆ ಅಲ್ಲ ಮೇಡಂ." ಸಿಂಗಪುರದಿಂದ ಬೆಂಗಳೂರಿಗೆ ಬಂದಿಳಿದಾಗ ವಿಮಾನ ಕಂಪನಿಯ ಬ್ಯಾಗೇಜ್ ಕೌಂಟರಿನಲ್ಲಿ ಸಿಕ್ಕ ಉತ್ತರ ಇದು. ನನ್ನ ಸೂಟ್‌ಕೇಸಿನ ಒಂದು ಗಾಲಿ ಬುಡಸಮೇತ ಕಿತ್ತುಹೋಗಿತ್ತು. ಆ ಮೂಲೆಯೇ ಸೀಳಿತ್ತು.

ನಾನು ವಾದಕ್ಕೆ ಇಳಿಯಲಿಲ್ಲ. "ಹೊಣೆ ಯಾರದು ಅಂತ ಆಮೇಲೆ ನೋಡೋಣ, ಮೊದಲು ಪಿಐಆರ್ ಬರೆದುಕೊಡಿ" ಅಂದೆ. ಪ್ರಾಪರ್ಟಿ ಇರ್‌ರೆಗ್ಯುಲಾರಿಟಿ ರಿಪೋರ್ಟ್ ಅಂದರೆ ಬ್ಯಾಗು ಯಾವ ಸ್ಥಿತಿಯಲ್ಲಿ ಕೈಗೆ ಸಿಕ್ಕಿತು ಅನ್ನುವ ದಾಖಲೆ. ಕಸ್ಟಮ್ಸ್ ದಾಟಿ ಹೊರಗೆ ಬಂದರೆ ಮತ್ತೆ ಒಳಗೆ ಹೋಗುವುದು ಕಷ್ಟ. ಆಮೇಲೆ "ಟ್ಯಾಕ್ಸಿಯಲ್ಲಿ ಮುರಿದಿರಬಹುದಲ್ವಾ?" ಅಂತ ಕೇಳುವುದು ಅವರಿಗೆ ಸುಲಭ. ಸಿಬ್ಬಂದಿ ಬರೀ 'ಗಾಲಿ ಹಾನಿ' ಅಂತ ಬರೆದಿದ್ದರು. ಮೂಲೆ ಸೀಳಿದ್ದನ್ನೂ ಸೇರಿಸಿ ಅಂದೆ, ಸೇರಿಸಿದರು. ಟ್ಯಾಗಿನ ನಂಬರ್ ಕಾಣುವ ಹಾಗೆ ಬೆಲ್ಟ್ ಪಕ್ಕದಲ್ಲೇ ಫೋಟೋ ತೆಗೆದುಕೊಂಡೆ.

ಪಿಐಆರ್ ಇದ್ದರೂ ಸುಮ್ನೆ ಕೂರುವ ಹಾಗಿಲ್ಲ. ಅಂತರರಾಷ್ಟ್ರೀಯ ಪ್ರಯಾಣಕ್ಕೆ 1999ರ ಮಾಂಟ್ರಿಯಲ್ ಒಪ್ಪಂದ ಅನ್ವಯಿಸುತ್ತದೆ. ಭಾರತದಲ್ಲಿ ಅದು 2009ರಿಂದ ಜಾರಿಯಲ್ಲಿದೆ. ಅದರ 31ನೇ ವಿಧಿ ಪ್ರಕಾರ, ಬ್ಯಾಗ್ ಹಾಳಾಗಿದ್ದರೆ ಅದು ಕೈಗೆ ಬಂದ 7 ದಿನದೊಳಗೆ ಲಿಖಿತ ದೂರು ಕೊಡಬೇಕು. ಇಲ್ಲದಿದ್ದರೆ ಕೋರ್ಟಿಗೆ ಹೋಗುವ ದಾರಿಯೂ ಮುಚ್ಚಿದ ಹಾಗೆ. ಕೆಲವು ಕಂಪನಿಗಳು ಪಿಐಆರನ್ನು ದೂರು ಅಂತ ಒಪ್ಪುವುದಿಲ್ಲ. ಹಾಗಾಗಿ ಪಿಐಆರ್ ನಂಬರ್, ಬೋರ್ಡಿಂಗ್ ಪಾಸ್, ಟ್ಯಾಗ್, ಫೋಟೋ, ಸೂಟ್‌ಕೇಸ್ ಕೊಂಡ ಬಿಲ್ಲು ಎಲ್ಲ ಸೇರಿಸಿ ಈಮೇಲ್ ಕಳಿಸಿದೆ. ಎಷ್ಟು ದುಡ್ಡು ಬೇಕು ಅಂತ ಮೊತ್ತವನ್ನೂ ಬರೆದೆ. ಬ್ಯಾಗ್ ಅಂಗಡಿಯವರಿಂದ 'ಇದು ರಿಪೇರಿ ಆಗುವುದಿಲ್ಲ' ಅಂತ ಒಂದು ಚೀಟಿ ಬರೆಸಿಕೊಂಡಿದ್ದೆ, ಅದೂ ಜೊತೆಗಿತ್ತು.

ಬಂದ ಉತ್ತರ ಮತ್ತೆ ಅದೇ: ನಮ್ಮ ಷರತ್ತುಗಳಲ್ಲಿ ಗಾಲಿ ಸೇರಿಲ್ಲ. ಈ ಸಲ ಎರಡು ವಿಧಿ ತೋರಿಸಿದೆ. 17ನೇ ವಿಧಿ ಪ್ರಕಾರ ಚೆಕ್-ಇನ್ ಮಾಡಿದ ಬ್ಯಾಗು ಕಂಪನಿಯ ವಶದಲ್ಲಿದ್ದಾಗ ಹಾಳಾದರೆ ಹೊಣೆ ಕಂಪನಿಯದು. ಬ್ಯಾಗಿನದ್ದೇ ದೋಷದಿಂದ ಹಾಳಾಗಿದ್ದರೆ ಮಾತ್ರ ವಿನಾಯಿತಿ. ಈ ಹೊಣೆಯಿಂದ ನುಣುಚಿಕೊಳ್ಳಲು ಕಂಪನಿ ಹಾಕಿಕೊಂಡ ಷರತ್ತು ನಿಲ್ಲುವುದಿಲ್ಲ ಅನ್ನುತ್ತದೆ 26ನೇ ವಿಧಿ. ಸಣ್ಣಪುಟ್ಟ ಗೀರಿಗೆ ಈ ಮಾತು ನಡೆಯುವುದಿಲ್ಲ ಅಂತ ನನಗೂ ಗೊತ್ತು. ಆದರೆ ಸೀಳಿದ ಮೂಲೆಯನ್ನು ಸವೆತ ಅನ್ನುವುದು ಹೇಗೆ?

ಆಮೇಲೆ ಸ್ವರ ಬದಲಾಯಿತು. ಮೊದಲು ಅದೇ ಕಂಪನಿಯ ಟಿಕೆಟಿಗೆ ಬಳಸುವ ವೋಚರ್ ಕೊಡುತ್ತೇವೆ ಅಂದರು. ಬೇಡ ಅಂದೆ. ಕೊನೆಗೆ ಸೂಟ್‌ಕೇಸ್ ಹಳೆಯದು ಅಂತ ಒಂದಿಷ್ಟು ಸವಕಳಿ ಕಳೆದು, ಉಳಿದದ್ದನ್ನು ಬ್ಯಾಂಕ್ ಖಾತೆಗೆ ಹಾಕಿದರು. ಸವಕಳಿ ಕಳೆದದ್ದು ನ್ಯಾಯವೇ. 2024ರ ಡಿಸೆಂಬರ್ 28ರಿಂದ ಒಪ್ಪಂದದ ಪ್ರಕಾರ ಬ್ಯಾಗಿಗೆ ಸಿಗುವ ಪರಿಹಾರದ ಮಿತಿ 1,519 ಎಸ್‌ಡಿಆರ್ (ಅಂತರರಾಷ್ಟ್ರೀಯ ಹಣಕಾಸು ನಿಧಿ ಲೆಕ್ಕಕ್ಕೆ ಬಳಸುವ ಮಾನ), ಅಂದರೆ ಒಂದೂವರೆ ಲಕ್ಷ ರೂಪಾಯಿಗಿಂತ ಜಾಸ್ತಿ. ಅದು ಗರಿಷ್ಠ ಮಿತಿ ಅಷ್ಟೇ, ಎಲ್ಲರಿಗೂ ಸಿಗುವ ಮೊತ್ತ ಅಲ್ಲ.

ದುಡ್ಡು ಹಾಕುವ ಮೊದಲು ಒಂದು ಫಾರಂ ಕಳಿಸಿದ್ದರು. ಇನ್ನು ಯಾವ ಬೇಡಿಕೆಯೂ ಇಲ್ಲ ಅಂತ ಸಹಿ ಹಾಕಬೇಕಿತ್ತು. ಮೊತ್ತ ಓದಿ, ಒಪ್ಪಿಗೆಯಾದ ಮೇಲೆ ಹಾಕಿದೆ. ಕೊಡದಿದ್ದರೆ ವಿಮಾನಯಾನ ಸಚಿವಾಲಯದ ದೂರು ಪೋರ್ಟಲ್ ಏರ್‌ಸೇವಾದಲ್ಲಿ ದೂರು ಹಾಕಿ, 1915 ಗ್ರಾಹಕ ಸಹಾಯವಾಣಿಗೂ ಫೋನ್ ಮಾಡುವವಳಿದ್ದೆ. ಅದಕ್ಕೂ ಬಗ್ಗದಿದ್ದರೆ ಜಿಲ್ಲಾ ಗ್ರಾಹಕರ ಆಯೋಗ ಇದ್ದೇ ಇತ್ತು. ಅಲ್ಲಿ 5 ಲಕ್ಷದವರೆಗಿನ ಪ್ರಕರಣಕ್ಕೆ ಶುಲ್ಕ ಇಲ್ಲ, ಮಾಂಟ್ರಿಯಲ್ ಒಪ್ಪಂದದ ಪ್ರಕಾರ ಎರಡು ವರ್ಷ ಸಮಯವೂ ಇರುತ್ತದೆ.