ಬೋರ್‌ವೆಲ್‌ಗೂ ಒಂದು ಫೋನ್ ನಂಬರ್: ಮೊಬೈಲ್ ಸ್ಟಾರ್ಟರ್ ಹಾಕಿಸಿದ ನನ್ನ ಅನುಭವ

ನಮ್ಮ ತೋಟದ ಬೋರ್‌ವೆಲ್‌ಗೆ ಈಗ ಸ್ವಂತ ಫೋನ್ ನಂಬರ್ ಇದೆ. ನನ್ನ ಫೋನಿನಲ್ಲಿ ‘ಮೋಟಾರ್’ ಅಂತ ಸೇವ್ ಮಾಡಿಕೊಂಡಿದ್ದೇನೆ. ಫೋನ್ ಮಾಡಿದರೆ ತಾನೇ ಎತ್ತಿ ಕನ್ನಡದಲ್ಲೇ ಮಾತಾಡುತ್ತದೆ. ಕರೆಂಟ್ ಇದೆ, ಮೋಟಾರ್ ನಿಂತಿದೆ, ಆನ್ ಮಾಡಲು ಒಂದು ಒತ್ತಿ. ಶುರುವಿನಲ್ಲಿ ಮನೆಗೆ ಬಂದವರಿಗೆಲ್ಲ ಸ್ಪೀಕರ್ ಹಾಕಿ ಕೇಳಿಸಿದ್ದೇ ಕೇಳಿಸಿದ್ದು. ಹೊಸ ಫೋನ್ ತಗೊಂಡಾಗಲೂ ನಾನು ಇಷ್ಟು ಖುಷಿಪಟ್ಟಿರಲಿಲ್ಲ.

ತಿಪಟೂರು ಕಡೆಯ ತೆಂಗು, ಅಡಿಕೆ ಬೆಳೆಗಾರರಿಗೆ ಇದರ ಬೆಲೆ ಬಿಡಿಸಿ ಹೇಳಬೇಕಾಗಿಲ್ಲ. ಉಳಿದವರಿಗೆ ಹೇಳುತ್ತೇನೆ. ಕರ್ನಾಟಕದಲ್ಲಿ 10 ಎಚ್‌ಪಿವರೆಗಿನ ನೀರಾವರಿ ಪಂಪ್‌ಸೆಟ್‌ಗಳಿಗೆ ಕರೆಂಟ್ ಉಚಿತ. ಆದರೆ ಮೋಟಾರ್ ಓಡಲು ಬೇಕಾದ ತ್ರೀ ಫೇಸ್ ಕರೆಂಟ್ ಕೊಡುವುದು ದಿನಕ್ಕೆ 7 ಗಂಟೆಯ ಲೆಕ್ಕದಲ್ಲಿ, ಅದೂ ಪಾಳಿ ಮೇಲೆ. ರಾತ್ರಿ ಪಾಳಿ ಬಂತೆಂದರೆ ಅಪ್ಪ ಟಾರ್ಚು, ದೊಣ್ಣೆ ಹಿಡಿದು ತೋಟಕ್ಕೆ ಹೊರಡುತ್ತಿದ್ದರು. ಹಾವಿನ ಭಯ, ಈಚೆಗೆ ಚಿರತೆ ಭಯ ಬೇರೆ. ಹೋಗಿ ಆನ್ ಮಾಡಿ ಬಂದು ಮಲಗಿದರೆ ಕರೆಂಟ್ ಹೋಗಿರುತ್ತಿತ್ತು. ಮತ್ತೆ ಬಂದಾಗ ಮತ್ತೆ ಏಳಬೇಕು.

ಇದಕ್ಕೆ ನಮ್ಮೂರಿನ ಹಳೇ ಉಪಾಯ ಆಟೋ ಸ್ವಿಚ್. ಕರೆಂಟ್ ಬಂದ ಕೂಡಲೇ ಮೋಟಾರ್ ತಾನೇ ಆನ್ ಆಗುತ್ತದೆ. ಸುಲಭ, ಅಗ್ಗ. ತೊಂದರೆ ಏನೆಂದರೆ, ಒಂದೇ ಟಿಸಿಯ (ಟ್ರಾನ್ಸ್‌ಫಾರ್ಮರ್) ಮೇಲಿರುವ ಮೋಟಾರ್‌ಗಳೆಲ್ಲ ಒಟ್ಟಿಗೇ ಏಳುತ್ತವೆ. ನೇರವಾಗಿ ಆನ್ ಆಗುವ ಮೋಟಾರ್ ಹೊರಡುವ ಗಳಿಗೆಯಲ್ಲಿ ಎಳೆಯುವ ಕರೆಂಟು, ಆಮೇಲೆ ಓಡುವಾಗ ಎಳೆಯುವುದಕ್ಕಿಂತ ಐದಾರು ಪಟ್ಟು ಜಾಸ್ತಿ. ಎಲ್ಲವೂ ಒಮ್ಮೆಲೇ ಎಳೆದರೆ ವೋಲ್ಟೇಜ್ ಬೀಳುತ್ತದೆ, ಫ್ಯೂಸ್ ಹೋಗುತ್ತದೆ, ಕೆಲವೊಮ್ಮೆ ಟಿಸಿಯೇ ಸುಡುತ್ತದೆ. ಆಮೇಲೆ ಎಲ್ಲರೂ ಸೇರಿ ಲೈನ್‌ಮ್ಯಾನ್‌ಗೆ ಫೋನ್ ಮಾಡುತ್ತಾ ಕೂರುವುದು.

ನಾನು ತಂದ ಮೊಬೈಲ್ ಸ್ಟಾರ್ಟರ್ ಅಂದರೆ, ಮೋಟಾರ್ ಆನ್-ಆಫ್ ಮಾಡುವ ಹಳೇ ಸ್ಟಾರ್ಟರ್‌ಗೇ ಜೋಡಿಸುವ ಪೆಟ್ಟಿಗೆ. ಜೋಡಣೆ ನೋಡಿದರೆ ತುಂಬ ಸರಳ. ಹಸಿರು ಬಟನ್ ಒತ್ತುವ ಕೆಲಸವನ್ನು ಒಂದು ರಿಲೇ (ಕರೆಂಟಿನಿಂದ ತಾನೇ ಕೆಲಸ ಮಾಡುವ ಸ್ವಿಚ್) ಮಾಡುತ್ತದೆ, ಕೆಂಪು ಬಟನ್ನಿನದನ್ನು ಇನ್ನೊಂದು. ಮೋಟಾರಿಗೆ ಹೋಗುವ ವೈರನ್ನು ಬಳೆಯಂಥ ಒಂದು ಕಾಯಿಲ್ ಒಳಗೆ ತೂರಿಸುತ್ತಾರೆ, ಅದು ಆಂಪಿಯರ್ ಅಳೆಯುತ್ತದೆ. ಉಳಿದದ್ದು ಒಂದು ಸಿಮ್, ಒಂದು ಸಣ್ಣ ಬ್ಯಾಟರಿ. ಬ್ಯಾಟರಿ ಇರುವುದರಿಂದಲೇ ‘ಕರೆಂಟ್ ಹೋಯಿತು’ ಅಂತ ಮೆಸೇಜ್ ಕಳಿಸಲು ಅದಕ್ಕೆ ಸಾಧ್ಯ. ಕೆಲಸ ಎಲೆಕ್ಟ್ರಿಷಿಯನ್ ಕೈಯಲ್ಲೇ ಮಾಡಿಸಿ. 415 ವೋಲ್ಟಿನ ಜತೆ ಯೂಟ್ಯೂಬ್ ನೋಡಿಕೊಂಡು ಆಟ ಆಡಬೇಡಿ.

ಸಿಮ್ ವಿಷಯದಲ್ಲಿ ಎಚ್ಚರ. ಮಾರ್ಕೆಟ್ಟಿನಲ್ಲಿರುವ ಅಗ್ಗದ ಪೆಟ್ಟಿಗೆಗಳಲ್ಲಿ ಬಹಳಷ್ಟು 2ಜಿ ಮೇಲೆ ಓಡುವಂಥವು. ಜಿಯೋಗೆ 2ಜಿ ನೆಟ್‌ವರ್ಕೇ ಇಲ್ಲ, ಹಾಗಾಗಿ ಆ ಸಿಮ್ ಇಂಥ ಪೆಟ್ಟಿಗೆಯಲ್ಲಿ ಕೆಲಸ ಮಾಡುವುದಿಲ್ಲ. ಪೆಟ್ಟಿಗೆ 4ಜಿಯದೋ ಅಲ್ಲವೋ ಕೇಳಿಕೊಂಡು, ತೋಟದ ಮನೆಯಲ್ಲೇ ನಿಂತು ಯಾವ ಸಿಗ್ನಲ್ ಸಿಗುತ್ತದೆ ನೋಡಿ ಆಮೇಲೆ ಸಿಮ್ ಕೊಳ್ಳಿ. ಸ್ಟಾರ್ಟರ್ ಡಬ್ಬ ಕಬ್ಬಿಣದ್ದಾದರೆ ಆಂಟೆನಾ ಹೊರಗಿರಬೇಕು. ರೀಚಾರ್ಜ್ ಮುಗಿದು ಒಳಬರುವ ಕಾಲ್ ನಿಂತರೆ ಮೋಟಾರ್ ಪತ್ತೆ ಇಲ್ಲ. ಪಂಪ್‌ಸೆಟ್ಟಿಗೆ ಡೇಟಾ ಯಾಕೆ ಬೇಕು ಅಂತ ನನಗೂ ಸಿಟ್ಟಿತ್ತು. 2024ರ ಕೊನೆಯಲ್ಲಿ ಟೆಲಿಕಾಂ ನಿಯಂತ್ರಣ ಸಂಸ್ಥೆ ಟ್ರಾಯ್ ನಿಯಮ ತಂದ ಮೇಲೆ ಬರೀ ಕಾಲ್ ಮತ್ತು ಎಸ್‌ಎಂಎಸ್ ಇರುವ ಪ್ಯಾಕ್‌ಗಳು ಬಂದವು. ಮೋಟಾರಿಗೆ ಅಂಥದ್ದೇ ಸಾಕು.

ಇನ್ನೊಂದು ಮುಖ್ಯ ಸೆಟ್ಟಿಂಗ್: ನೋಂದಾಯಿಸಿದ ನಂಬರುಗಳಿಂದ ಮಾತ್ರ ಕೇಳಬೇಕು. ಇಲ್ಲದಿದ್ದರೆ ಸಾಲ ಬೇಕಾ ಅಂತ ಫೋನ್ ಮಾಡುವವರೂ ನಿಮ್ಮ ಮೋಟಾರ್ ಆನ್ ಮಾಡಿಯಾರು!

ಆನ್ ಮಾಡಲು ಅಂತ ತಂದೆ. ನಿಜವಾಗಿ ಉಪಯೋಗಕ್ಕೆ ಬಂದದ್ದು ಆಫ್ ಆಗುವುದರಲ್ಲಿ. ನಮ್ಮದು 7.5 ಎಚ್‌ಪಿ ಸಬ್‌ಮರ್ಸಿಬಲ್, ಅಂದರೆ ಬೋರಿನ ನೀರೊಳಗೇ ಇರುವ ಮೋಟಾರ್. ನೀರು ಚೆನ್ನಾಗಿದ್ದಾಗ ಸುಮಾರು 12 ಆಂಪಿಯರ್ ತೋರಿಸುತ್ತದೆ. ಬೇಸಿಗೆಯಲ್ಲಿ ಬೋರ್ ನೀರು ಕೆಳಗಿಳಿದು ಪಂಪು ಗಾಳಿ ಎಳೆಯಲು ಶುರು ಮಾಡಿದರೆ ಭಾರ ಕಡಿಮೆಯಾಗುತ್ತದೆ, ಆಂಪಿಯರ್ ಇಳಿಯುತ್ತದೆ. ಸಬ್‌ಮರ್ಸಿಬಲ್ ಮೋಟಾರ್ ತಣ್ಣಗಾಗುವುದೇ ಸುತ್ತಲಿನ ನೀರಿನಿಂದ. ನೀರಿಲ್ಲದೆ ಹಾಗೇ ಓಡಿದರೆ ವೈಂಡಿಂಗ್ (ಒಳಗಿನ ತಂತಿ ಸುರುಳಿ) ಸುಡುವುದು ಖಂಡಿತ. ಪೆಟ್ಟಿಗೆಯಲ್ಲಿ ಡ್ರೈ ರನ್ ಅಂತ ಒಂದು ಮಿತಿ ಇದೆ. ಮಾಮೂಲಿ ಲೋಡಿನ ಶೇ 80ರ ಆಸುಪಾಸು ಇಟ್ಟಿದ್ದೇವೆ. ಅದಕ್ಕಿಂತ ಇಳಿದರೆ ತಾನೇ ನಿಲ್ಲಿಸಿ ಮೆಸೇಜ್ ಹಾಕುತ್ತದೆ. ಒಂದು ಫೇಸ್ ಹೋದರೂ ನಿಲ್ಲಿಸುತ್ತದೆ. ಕಂಡೆನ್ಸರ್ ಹಾಕಿ ಎರಡು ಫೇಸಿನಲ್ಲಿ ಓಡಿಸುವ ನಮ್ಮೂರ ಜಾಣತನಕ್ಕೆ ಇದು ಒಪ್ಪುವುದಿಲ್ಲ, ಒಳ್ಳೇದೇ ಆಯಿತು.

ಮೋಟಾರ್ ಮೇಲೆತ್ತಿಸಿ ರಿವೈಂಡಿಂಗ್ ಮಾಡಿಸಿದವರಿಗೆ ಗೊತ್ತು, ಪೈಪ್ ಎತ್ತುವ ಗಾಡಿ, ಕೂಲಿ, ತಾಮ್ರದ ತಂತಿ, ಮತ್ತೆ ಇಳಿಸುವುದು. ಅಷ್ಟರಲ್ಲಿ ಬಾಡುವ ಅಡಿಕೆ ಸಸಿಯ ಲೆಕ್ಕ ಬೇರೆ.

ಅಪ್ಪನಿಗೆ ಫೋನಿನ ಮಾತು ಹಿಡಿಸಲಿಲ್ಲ, ಆಂಪಿಯರ್ ಹಿಡಿಸಿತು. ಈಗ ಬೆಳಿಗ್ಗೆ ಕಾಫಿ ಕುಡಿಯುತ್ತಾ ‘ಎಷ್ಟ್ ಎಳೀತೈತೆ ನೋಡ್ಲಾ’ ಅಂತಾರೆ. ಮೊದಲು ಪೈಪಿನ ಬಾಯಿ ನೋಡಿ ಬೋರಿನ ಸ್ಥಿತಿ ಹೇಳುತ್ತಿದ್ದರು. ಆಂಪಿಯರ್ ದಿನಾ ಸ್ವಲ್ಪ ಸ್ವಲ್ಪ ಇಳಿಯುತ್ತಿದ್ದರೆ, ಒಂದೇ ಸಲ ಪೂರ್ತಿ ಓಡಿಸುವುದು ಬಿಟ್ಟು, ಮಧ್ಯೆ ನಿಲ್ಲಿಸಿ ಬೋರಿಗೆ ಊಟೆ ಬರಲು ಬಿಡುತ್ತೇವೆ.

ಆಟೋ ಮೋಡ್ ನಾವೂ ಬಳಸುತ್ತೇವೆ, ಆದರೆ ಕರೆಂಟ್ ಬಂದು ಕೆಲವು ನಿಮಿಷ ಬಿಟ್ಟು ಆನ್ ಆಗುವಂತೆ ಇಟ್ಟಿದ್ದೇವೆ. ಅಕ್ಕಪಕ್ಕದವರೂ ಬೇರೆ ಬೇರೆ ನಿಮಿಷ ಇಟ್ಟುಕೊಂಡರೆ ಟಿಸಿ ಉಳಿಯುತ್ತದೆ. ಇದಕ್ಕೆ ಒಪ್ಪಿಸುವುದು ಪೆಟ್ಟಿಗೆ ಹಾಕಿಸುವುದಕ್ಕಿಂತ ಕಷ್ಟ. ಮೊದಲು ನನ್ನದೇ ಆನ್ ಆಗಬೇಕು ಅಂತ ಎಲ್ಲರಿಗೂ ಆಸೆ!

ಬೆಂಗಳೂರಿನಲ್ಲಿರುವ ತಮ್ಮನ ನಂಬರನ್ನೂ ಸೇರಿಸಿದ್ದೆವು. ನಾವು ಡ್ರಿಪ್ ಪೈಪ್ ಬಿಚ್ಚಿಟ್ಟುಕೊಂಡು ಕೂತಿದ್ದಾಗ ಅವನು ಆಫೀಸಿನಿಂದಲೇ ಉತ್ಸಾಹದಲ್ಲಿ ಆನ್ ಮಾಡಿದ. ಎಲ್ಲರಿಗೂ ಸ್ನಾನ. ನಗು ಬಂತು, ಆದರೆ ಸ್ಟಾರ್ಟರ್ ಬಿಚ್ಚಿದ್ದಾಗ ಹೀಗಾದರೆ ಜೀವಕ್ಕೇ ಕುತ್ತು. ಅಂದಿನಿಂದ ಒಂದು ನಿಯಮ: ತೋಟದಲ್ಲಿ ರಿಪೇರಿ ಅಂದರೆ ಮೊದಲು ಮೇನ್ ಸ್ವಿಚ್ ಇಳಿಸಬೇಕು. ಫೋನಿನಲ್ಲಿ ಆಫ್ ಮಾಡಿದ್ದೇನೆ ಅನ್ನುವುದು ಲೆಕ್ಕಕ್ಕಿಲ್ಲ.

ಪೆಟ್ಟಿಗೆಗೆ ಶತ್ರುಗಳೂ ಉಂಟು. ಬೆಚ್ಚಗಿರುವ ಡಬ್ಬದೊಳಗೆ ಇರುವೆ, ಹಲ್ಲಿ ಸೇರುತ್ತವೆ. ಹಲ್ಲಿ ಅಡ್ಡಬಿದ್ದರೆ ಶಾರ್ಟ್. ವೈರ್ ಬರುವ ತೂತುಗಳನ್ನು ಮುಚ್ಚಿ, ನುಸಿಗುಳಿಗೆ ಹಾಕಿದ್ದೇವೆ. ಮುಂಗಾರಿಗೆ ಮುಂಚಿನ ಗುಡುಗು ಮಳೆ ಇನ್ನೂ ಅಪಾಯ. ಮೋಡ ಕಟ್ಟಿದರೆ ಮೇನ್ ಇಳಿಸುವುದು, ಅರ್ಥಿಂಗ್ ಸರಿಯಾಗಿ ಮಾಡಿಸುವುದು, ಇದರಲ್ಲಿ ಜುಗ್ಗತನ ಬೇಡ.

ಈಗ ಅಂಗಡಿಯವರು ವಾಲ್ವ್ ಕೂಡ ಫೋನಿನಲ್ಲೇ ತಿರುಗಿಸುವ ಸೆಟ್ ಬಂದಿದೆ, ಹಾಕಿಸಿ ಅಂತಿದ್ದಾರೆ. ಆಸೆ ಇದೆ. ಸದ್ಯಕ್ಕೆ ಬೇಡ ಅಂದಿದ್ದೇನೆ. ಪ್ರತಿ ವಾಲ್ವಿಗೂ ವೈರ್ ಎಳೆಯಬೇಕು, ಇಲಿ ಕಡಿಯದೆ ಬಿಡುವುದಿಲ್ಲ. ಅದಕ್ಕಿಂತ ಹೆಚ್ಚಾಗಿ, ಮೋಟಾರಿಗೆ ಅಂತ ತೋಟಕ್ಕೆ ಹೋಗುವುದು ನಿಂತ ಮೇಲೆ, ಯಾವ ಸಾಲಿನಲ್ಲಿ ಡ್ರಿಪ್ಪರ್ ಕಟ್ಟಿದೆ, ಎಲ್ಲಿ ಹಂದಿ ಪೈಪ್ ಕಿತ್ತಿದೆ ಅನ್ನುವುದು ನಮಗೆ ತಡವಾಗಿ ಗೊತ್ತಾಗುತ್ತಿತ್ತು. ವಾಲ್ವ್ ತಿರುಗಿಸಲು ಹೋದಾಗಲೇ ಅದೆಲ್ಲ ಕಣ್ಣಿಗೆ ಬೀಳುವುದು.